ಹೊಳಪು ನೋಡಿ ತೂಕ ಹೇಳಬಹುದೇ? ದೂರದ ಗೆಲಾಕ್ಸಿಗಳ ಎಕ್ಸ್-ರೇ ದೀಪಗಳು ಕಲಿಸಿದ ಪಾಠ



ರಾತ್ರಿ ದೂರದ ಗುಡ್ಡದ ಮೇಲೆ ಒಂದು ಬೆಳಕು ಕಾಣಿಸುತ್ತದೆ ಎಂದಿಟ್ಟುಕೊಳ್ಳಿ. ಅದು ದೊಡ್ಡ ಬಂಗಲೆಯ ದೀಪವೇ, ಅಥವಾ ಯಾರೋ ನಮ್ಮ ಕಡೆಗೆ ಹಿಡಿದ ಸಣ್ಣ ಟಾರ್ಚೇ? ಹೊಳಪೊಂದನ್ನೇ ನೋಡಿ ಹೇಳಲು ಸಾಧ್ಯವಿಲ್ಲ. ಸ್ವಲ್ಪ ಹೊತ್ತು ಕಾದು ನೋಡಬೇಕು. ಬೆಳಕು ಅಲುಗಾಡುತ್ತದೆಯೇ, ಆರುತ್ತದೆಯೇ, ಒಂದೇ ಲಯದಲ್ಲಿ ಮಿನುಗುತ್ತದೆಯೇ ಎಂದು ಗಮನಿಸಿದ ಮೇಲೆಯೇ ಅದರ ಹಿಂದೆ ಇರುವುದು ಏನೆಂದು ಹೇಳಬಹುದು.

ಖಗೋಳ ವಿಜ್ಞಾನಿಗಳು ಇಂಥದ್ದೇ ಒಂದು ಪ್ರಶ್ನೆಯ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದರು. ನಮ್ಮ ನೆರೆಯ ಗೆಲಾಕ್ಸಿಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಅತಿ ಪ್ರಖರವಾದ ಎಕ್ಸ್-ರೇ ಬಿಂದುಗಳು ಕಾಣುತ್ತಿದ್ದವು. ಅಷ್ಟೊಂದು ಹೊಳೆಯಬೇಕಾದರೆ ಅವು ಭಾರೀ ತೂಕದ ಕಪ್ಪುರಂಧ್ರಗಳೇ ಆಗಿರಬೇಕು ಎಂದು ಬಹುತೇಕರು ನಂಬಿದ್ದರು. 2014ರಲ್ಲಿ ಅವುಗಳಲ್ಲೊಂದು ತಾನು ಯಾರೆಂದು ತಾನೇ ಸಾಕ್ಷಿ ನುಡಿಯಿತು. ಆ ಸಾಕ್ಷ್ಯ ನಂಬಿಕೆಗೆ ತೀರಾ ವಿರುದ್ಧವಾಗಿತ್ತು. ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಣ್ಣಿಗೆ ಕಾಣದ ಬೆಳಕು

ಎಕ್ಸ್-ರೇ ಎಂದ ಕೂಡಲೇ ನಮಗೆ ನೆನಪಾಗುವುದು ಆಸ್ಪತ್ರೆ. ಮುರಿದ ಮೂಳೆಯ ಚಿತ್ರ ತೆಗೆಯುವ ಕಿರಣವೂ ಸೂರ್ಯನ ಬೆಳಕೂ ಮೂಲತಃ ಒಂದೇ ಜಾತಿಯವು. ವ್ಯತ್ಯಾಸ ಇರುವುದು ಶಕ್ತಿಯಲ್ಲಿ. ಎಕ್ಸ್-ರೇ ಕಿರಣದಲ್ಲಿ ಶಕ್ತಿ ಸಾವಿರಾರು ಪಟ್ಟು ಹೆಚ್ಚು. ಕಬ್ಬಿಣ ಕಾದಾಗ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಬಿಳಿಯಾಗುತ್ತದೆ. ಹಾಗೆಯೇ ಅನಿಲವೊಂದು ಹತ್ತಾರು ಲಕ್ಷ ಡಿಗ್ರಿಗೆ ಕಾದರೆ ಅದು ಎಕ್ಸ್-ರೇಯಲ್ಲಿ ಹೊಳೆಯತೊಡಗುತ್ತದೆ. ಆದುದರಿಂದ ಆಕಾಶದಲ್ಲಿ ಎಕ್ಸ್-ರೇ ಎಲ್ಲಿಂದ ಬರುತ್ತದೋ ಅಲ್ಲಿ ಏನೋ ಉಗ್ರವಾದದ್ದು ನಡೆಯುತ್ತಿದೆ ಎಂದು ತಿಳಿಯಬೇಕು.

ಭೂಮಿಯ ವಾತಾವರಣ ಈ ಕಿರಣಗಳನ್ನು ಕೆಳಗೆ ಬಿಡುವುದಿಲ್ಲ. ಜೀವಿಗಳ ಪಾಲಿಗೆ ಇದು ದೊಡ್ಡ ಅನುಗ್ರಹ. ಆದರೆ ನೋಡಬೇಕೆಂದಿರುವವರಿಗೆ ಇದೇ ತಡೆ. ಹಾಗಾಗಿ ಎಕ್ಸ್-ರೇ ಆಕಾಶವನ್ನು ಕಾಣಲು ಮನುಷ್ಯ ರಾಕೆಟ್‌ಗಳ ಕಾಲದವರೆಗೆ ಕಾಯಬೇಕಾಯಿತು. 1962ರ ಜೂನ್‌ನಲ್ಲಿ ರಿಕಾರ್ಡೋ ಜಾಕೋನಿ ಮತ್ತು ಸಂಗಡಿಗರು ಅಮೆರಿಕದ ನ್ಯೂ ಮೆಕ್ಸಿಕೋದಿಂದ ಒಂದು ಸಣ್ಣ ರಾಕೆಟ್ ಹಾರಿಸಿದರು. ಚಂದ್ರನಿಂದ ಎಕ್ಸ್-ರೇ ಬರುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ವಾತಾವರಣದ ಮೇಲೆ ಅದು ಇದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲೇ ವೃಶ್ಚಿಕ ರಾಶಿಯ ದಿಕ್ಕಿನಿಂದ ಯಾರೂ ಊಹಿಸದಷ್ಟು ಬಲವಾದ ಎಕ್ಸ್-ರೇ ಬರುತ್ತಿರುವುದು ಕಂಡಿತು. ಸೌರಮಂಡಲದ ಆಚೆ ಸಿಕ್ಕ ಮೊದಲ ಎಕ್ಸ್-ರೇ ಮೂಲ ಅದು. ಈ ಕ್ಷೇತ್ರದ ಕೆಲಸಕ್ಕಾಗಿ ಜಾಕೋನಿಯವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

1978ರ ನವೆಂಬರ್‌ನಲ್ಲಿ 'ಐನ್‌ಸ್ಟೈನ್' ಎಂಬ ಹೆಸರಿನ ಉಪಗ್ರಹ ಮೇಲೆ ಹೋಯಿತು. ಆಕಾಶದ ಎಕ್ಸ್-ರೇ ಮೂಲಗಳನ್ನು ಸ್ಪಷ್ಟ ಚಿತ್ರವಾಗಿ ತೋರಿಸಿದ ಮೊದಲ ದೂರದರ್ಶಕ ಅದು. ಬೇರೆ ಗೆಲಾಕ್ಸಿಗಳ ಒಳಗಿರುವ ಬಿಂದುಗಳನ್ನು ಬಿಡಿಬಿಡಿಯಾಗಿ ನೋಡಲು ಆಗ ಸಾಧ್ಯವಾಯಿತು.

'ಹತ್ತಿರ' ಎಂದರೆ ಎಷ್ಟು ಹತ್ತಿರ?

ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಖಗೋಳಜ್ಞ ಅಬ್ದುರ್ರಹ್ಮಾನ್ ಅಸ್ಸೂಫಿ ನಕ್ಷತ್ರಗಳ ಬಗ್ಗೆ ಅರಬಿಯಲ್ಲಿ ಒಂದು ದೊಡ್ಡ ಗ್ರಂಥ ಬರೆದರು. ಅದರಲ್ಲಿ ಆಂಡ್ರೋಮಿಡಾ ನಕ್ಷತ್ರಪುಂಜದ ಬಳಿ ಕಾಣುವ ಸಣ್ಣ ಮೋಡದಂತಹ ಒಂದು ಮಸುಕಿನ ಉಲ್ಲೇಖವಿದೆ. ಇಂದು ಅದನ್ನು ಆಂಡ್ರೋಮಿಡಾ ಗೆಲಾಕ್ಸಿ ಎನ್ನುತ್ತೇವೆ. ಕತ್ತಲೆ ಗಾಢವಾಗಿರುವ ಊರಿನಲ್ಲಿ ಈಗಲೂ ಅದು ಬರಿಗಣ್ಣಿಗೆ ಕಾಣುತ್ತದೆ. ಆ ಮಸುಕಾದ ಬೆಳಕು ಅಲ್ಲಿಂದ ಹೊರಟು ನಮ್ಮ ಕಣ್ಣಿಗೆ ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿಯುತ್ತದೆ. ಅಂದರೆ ಅದು 25 ಲಕ್ಷ ಬೆಳಕಿನ ವರ್ಷ ದೂರದಲ್ಲಿದೆ.

ಖಗೋಳ ವಿಜ್ಞಾನಿಗಳ ಮಾತಿನಲ್ಲಿ ಇದು ಪಕ್ಕದ ಮನೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ-82 ಎಂಬ ಗೆಲಾಕ್ಸಿ ಸುಮಾರು 1.2 ಕೋಟಿ ಬೆಳಕಿನ ವರ್ಷ ದೂರದಲ್ಲಿದೆ. ಅದು ನೆರೆಯ ಬೀದಿ ಎನ್ನಿ. ನಾವು ಇಲ್ಲಿ 'ನೆರೆಯ ಗೆಲಾಕ್ಸಿ' ಎನ್ನುವುದು ಇಂಥವುಗಳನ್ನೇ.

ಐನ್‌ಸ್ಟೈನ್ ಉಪಗ್ರಹ ಈ ಗೆಲಾಕ್ಸಿಗಳಲ್ಲಿ ಒಂದು ವಿಚಿತ್ರವನ್ನು ತೋರಿಸಿತು. ಪ್ರತಿ ದೊಡ್ಡ ಗೆಲಾಕ್ಸಿಯ ನಡುಮಧ್ಯದಲ್ಲಿ ದೈತ್ಯ ಕಪ್ಪುರಂಧ್ರ ಇರುವುದು ಸಾಮಾನ್ಯ. ಅದು ಹೊಳೆದರೆ ಆಶ್ಚರ್ಯವಿಲ್ಲ. ಆದರೆ ನಡುವಿನಿಂದ ದೂರ, ಸಾಮಾನ್ಯ ನಕ್ಷತ್ರಗಳ ನಡುವೆ ಕೆಲವು ಬಿಂದುಗಳು ಮಿತಿಮೀರಿ ಹೊಳೆಯುತ್ತಿದ್ದವು. ನಮ್ಮ ಸೂರ್ಯ ಎಲ್ಲ ಬಗೆಯ ಬೆಳಕನ್ನೂ ಕೂಡಿಸಿ ಎಷ್ಟು ಶಕ್ತಿ ಚೆಲ್ಲುತ್ತಾನೋ ಅದರ ಎರಡೂವರೆ ಲಕ್ಷ ಪಟ್ಟಿಗಿಂತ ಹೆಚ್ಚನ್ನು ಇವು ಬರೀ ಎಕ್ಸ್-ರೇಯಲ್ಲೇ ಚೆಲ್ಲುವಂತೆ ಕಾಣುತ್ತಿದ್ದವು. ಇವುಗಳಿಗೆ 'ಅಲ್ಟ್ರಾಲ್ಯೂಮಿನಸ್ ಎಕ್ಸ್-ರೇ ಮೂಲ' ಎಂಬ ಹೆಸರು ಬಂತು. ಚಿಕ್ಕದಾಗಿ ಯು.ಎಲ್.ಎಕ್ಸ್. ಎನ್ನುತ್ತಾರೆ. ಕನ್ನಡದಲ್ಲಿ 'ಅತಿಪ್ರಖರ ಎಕ್ಸ್-ರೇ ಮೂಲ' ಎನ್ನಬಹುದು. ಈಗಿನ ಪಟ್ಟಿಯೊಂದರಲ್ಲಿ 951 ಗೆಲಾಕ್ಸಿಗಳಿಂದ ಇಂಥ 1,843 ಮೂಲಗಳನ್ನು ಗುರುತಿಸಿದ್ದಾರೆ.

ಬೆಳಕಿಗೂ ಒಂದು ಮಿತಿ

ಇವು ಹೊಳೆಯುವುದು ಹೇಗೆ? ಎರಡು ಕಾಯಗಳ ಜೋಡಿಯನ್ನು ಊಹಿಸಿಕೊಳ್ಳಿ. ಒಂದು ಜೀವಂತ ನಕ್ಷತ್ರ. ಇನ್ನೊಂದು ಸತ್ತ ನಕ್ಷತ್ರದ ಅವಶೇಷ. ಅದು ನ್ಯೂಟ್ರಾನ್ ನಕ್ಷತ್ರ ಇರಬಹುದು ಅಥವಾ ಕಪ್ಪುರಂಧ್ರ ಇರಬಹುದು. ಜೀವಂತ ನಕ್ಷತ್ರದ ಅನಿಲವನ್ನು ಅವಶೇಷ ತನ್ನ ಕಡೆಗೆ ಎಳೆಯುತ್ತದೆ. ಎಳೆಯಲ್ಪಟ್ಟ ಅನಿಲ ನೇರವಾಗಿ ಬೀಳದೆ ಸುತ್ತ ಸುತ್ತುತ್ತಾ ತಟ್ಟೆಯ ಆಕಾರ ಪಡೆಯುತ್ತದೆ. ಒಳಗೆ ಇಳಿದಂತೆ ಉಜ್ಜಾಟದಿಂದ ಕಾಯುತ್ತದೆ, ಎಕ್ಸ್-ರೇ ಸೂಸುತ್ತದೆ. ಹೆಚ್ಚು ಅನಿಲ ಬಿದ್ದಷ್ಟೂ ಹೆಚ್ಚು ಹೊಳಪು.

ಇಲ್ಲಿ ಒಂದು ಅಡ್ಡಿ ಇದೆ. ಬೆಳಕಿಗೂ ತಳ್ಳುವ ಶಕ್ತಿ ಇದೆ. ಹೊಳಪು ಹೆಚ್ಚಾದಂತೆ ಆ ಬೆಳಕೇ ಬೀಳುತ್ತಿರುವ ಅನಿಲವನ್ನು ಹೊರಗೆ ತಳ್ಳತೊಡಗುತ್ತದೆ. ಭತ್ತ ತೂರುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹದವಾದ ಗಾಳಿಗೆ ಹೊಟ್ಟು ಮಾತ್ರ ಹಾರುತ್ತದೆ, ಕಾಳು ಕೆಳಗೆ ಬೀಳುತ್ತದೆ. ಗಾಳಿ ಅತಿಯಾದರೆ ಕಾಳೂ ಹಾರಿಹೋಗುತ್ತದೆ. ಹಾಗೆಯೇ ಬೆಳಕಿನ ತಳ್ಳುವಿಕೆ ಗುರುತ್ವಾಕರ್ಷಣೆಯ ಎಳೆತಕ್ಕೆ ಸಮವಾದ ಕೂಡಲೇ ಅನಿಲ ಬೀಳುವುದು ನಿಲ್ಲಬೇಕು. ಇದನ್ನು ಬ್ರಿಟಿಷ್ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಅವರ ಹೆಸರಿನಲ್ಲಿ 'ಎಡಿಂಗ್ಟನ್ ಮಿತಿ' ಎನ್ನುತ್ತಾರೆ.

ಈ ಮಿತಿ ಕಾಯದ ತೂಕವನ್ನು ಅವಲಂಬಿಸಿದೆ. ತೂಕ ಹೆಚ್ಚಿದ್ದರೆ ಎಳೆತ ಹೆಚ್ಚು, ಆದ್ದರಿಂದ ಮಿತಿಯೂ ಹೆಚ್ಚು. ಲೆಕ್ಕ ಹೀಗಿದೆ: ಒಂದು ಸೂರ್ಯನಷ್ಟು ತೂಕದ ಕಾಯ ಸುಮಾರು 33 ಸಾವಿರ ಸೂರ್ಯರಷ್ಟು ಹೊಳೆಯಬಹುದು. ಸುಮಾರು 1.4 ಸೂರ್ಯರಷ್ಟು ತೂಗುವ ನ್ಯೂಟ್ರಾನ್ ನಕ್ಷತ್ರದ ಮಿತಿ 46 ಸಾವಿರ ಸೂರ್ಯರ ಹೊಳಪು. ಹತ್ತು ಸೂರ್ಯರಷ್ಟು ತೂಕದ ಕಪ್ಪುರಂಧ್ರಕ್ಕೆ 3.3 ಲಕ್ಷ.

ಈಗ ಒಂದು ಮೂಲ 50 ಲಕ್ಷ ಸೂರ್ಯರಷ್ಟು ಹೊಳೆಯುತ್ತಿದ್ದರೆ? ಮಿತಿಯ ಲೆಕ್ಕದಲ್ಲಿ ಅದರ ತೂಕ ಕನಿಷ್ಠ 150 ಸೂರ್ಯರಷ್ಟು ಇರಬೇಕು. ಈ ಉತ್ತರ ವಿಜ್ಞಾನಿಗಳಿಗೆ ಬಹಳ ಹಿಡಿಸಿತು. ಏಕೆಂದರೆ ಕಪ್ಪುರಂಧ್ರಗಳ ಏಣಿಯಲ್ಲಿ ಒಂದು ಮೆಟ್ಟಿಲು ಕಾಣೆಯಾಗಿತ್ತು. ನಕ್ಷತ್ರ ಸತ್ತು ಉಂಟಾಗುವ ಸಣ್ಣ ಕಪ್ಪುರಂಧ್ರಗಳು ಕೆಲವು ಸೂರ್ಯರಿಂದ ಕೆಲವು ಹತ್ತು ಸೂರ್ಯರಷ್ಟು ತೂಗುತ್ತವೆ. ಗೆಲಾಕ್ಸಿಗಳ ನಡುವಿನ ದೈತ್ಯಗಳು ಲಕ್ಷ, ಕೋಟಿ ಸೂರ್ಯರಷ್ಟು ತೂಗುತ್ತವೆ. ನಮ್ಮ ಆಕಾಶಗಂಗೆಯ ನಡುವಿನದ್ದು ಸುಮಾರು 40 ಲಕ್ಷ ಸೂರ್ಯರಷ್ಟು. ಇವೆರಡರ ಮಧ್ಯದ, ನೂರಾರು ಸಾವಿರಾರು ಸೂರ್ಯರ ತೂಕದವು ಎಲ್ಲಿ? ಯು.ಎಲ್.ಎಕ್ಸ್.ಗಳೇ ಆ ಕಾಣೆಯಾದ ಮೆಟ್ಟಿಲು ಎಂದು ಹಲವರು ವಾದಿಸಿದರು. ಇಲ್ಲ, ಇವು ಸಾಮಾನ್ಯ ಕಪ್ಪುರಂಧ್ರಗಳೇ, ಹೇಗೋ ಮಿತಿ ಮೀರುತ್ತಿವೆ ಎಂದು ಇನ್ನು ಕೆಲವರು ಹೇಳಿದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಬಹುತೇಕ ಒಂದೇ ಕಡೆ ಇದ್ದರು. ಅದು ಏನೇ ಆದರೂ ಕಪ್ಪುರಂಧ್ರವೇ. ಪಾಪದ ನ್ಯೂಟ್ರಾನ್ ನಕ್ಷತ್ರಕ್ಕೆ ಇಷ್ಟು ಹೊಳೆಯುವ ತಾಕತ್ತು ಎಲ್ಲಿಂದ?

ತೀರ್ಪು ಬದಲಾದ ವರ್ಷ

2014ರ ಜನವರಿ 21ರ ಸಂಜೆ ಲಂಡನ್ನಿನ ವಿಶ್ವವಿದ್ಯಾಲಯವೊಂದರ ವೀಕ್ಷಣಾಲಯದಲ್ಲಿ ವಿದ್ಯಾರ್ಥಿಗಳಿಗೆ ದೂರದರ್ಶಕ ಬಳಸುವುದನ್ನು ಕಲಿಸುವ ತರಗತಿ ನಡೆಯುತ್ತಿತ್ತು. ಮೋಡ ಕವಿಯುತ್ತಿದ್ದುದರಿಂದ ಶಿಕ್ಷಕ ಸ್ಟೀವ್ ಫಾಸಿ ಸುಲಭಕ್ಕೆ ಸಿಗುವ ಎಂ-82 ಗೆಲಾಕ್ಸಿಯ ಕಡೆ ದೂರದರ್ಶಕ ತಿರುಗಿಸಿದರು. ಹಿಂದಿನ ಚಿತ್ರಗಳಲ್ಲಿ ಇಲ್ಲದ ಒಂದು ನಕ್ಷತ್ರ ಅಲ್ಲಿ ಕಾಣಿಸಿತು. ಅದು ಸಿಡಿದ ನಕ್ಷತ್ರ, ಅಂದರೆ ಸೂಪರ್‌ನೋವಾ. ಅಷ್ಟು ಹತ್ತಿರದಲ್ಲಿ ಅಂಥ ಸೂಪರ್‌ನೋವಾ ಸಿಗುವುದು ಅಪರೂಪ. ಜಗತ್ತಿನ ದೊಡ್ಡ ದೊಡ್ಡ ಉಪಕರಣಗಳೆಲ್ಲ ಆ ಕಡೆ ತಿರುಗಿದವು. 2012ರಲ್ಲಿ ನಾಸಾ ಹಾರಿಸಿದ್ದ 'ನೂಸ್ಟಾರ್' ಎಂಬ ಎಕ್ಸ್-ರೇ ಉಪಗ್ರಹವೂ ವಾರಗಟ್ಟಲೆ ಎಂ-82ನ್ನೇ ನೋಡಿತು.

ಆ ಗೆಲಾಕ್ಸಿಯಲ್ಲಿ ಎರಡು ಯು.ಎಲ್.ಎಕ್ಸ್.ಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಎಕ್ಸ್-1 ಮತ್ತು ಎಕ್ಸ್-2 ಎಂದು ಅವುಗಳ ಹೆಸರು. ಸೂಪರ್‌ನೋವಾಕ್ಕಾಗಿ ಸಂಗ್ರಹಿಸಿದ ದಾಖಲೆಯಲ್ಲಿ ಇವುಗಳ ಬೆಳಕೂ ಸೇರಿಕೊಂಡಿತ್ತು. ಇಟಲಿಯ ವಿಜ್ಞಾನಿ ಮಟೆಯೋ ಬಕೆಟ್ಟಿ ಆ ದಾಖಲೆಯನ್ನು ಪರಿಶೀಲಿಸುವಾಗ ಒಂದು ಮಿಡಿತ ಕಂಡಿತು. ಪ್ರತಿ 1.37 ಸೆಕೆಂಡಿಗೊಮ್ಮೆ ಬೆಳಕು ಏರುತ್ತದೆ, ಇಳಿಯುತ್ತದೆ. ನಾಡಿ ಬಡಿತದ ಹಾಗೆ. ಅಷ್ಟೇ ಅಲ್ಲ, ಆ ಮಿಡಿತ ಎರಡೂವರೆ ದಿನಗಳ ಅವಧಿಯಲ್ಲಿ ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ ಬರುತ್ತಿತ್ತು. ಅಂದರೆ ಮಿಡಿಯುವ ಕಾಯ ಇನ್ನೊಂದು ನಕ್ಷತ್ರದ ಜೊತೆ ಎರಡೂವರೆ ದಿನಕ್ಕೊಂದು ಸುತ್ತು ಹಾಕುತ್ತಿದೆ. ಬೇರೆ ಉಪಗ್ರಹಗಳ ನೆರವಿನಿಂದ ಮಿಡಿತ ಬರುತ್ತಿರುವುದು ಎಕ್ಸ್-2ರಿಂದ ಎಂಬುದು ಖಚಿತವಾಯಿತು.

ಈ ಮಿಡಿತಕ್ಕೆ ಏಕೆ ಅಷ್ಟು ಮಹತ್ವ? ಕರಾವಳಿಯ ದೀಪಸ್ತಂಭವನ್ನು ನೆನಪಿಸಿಕೊಳ್ಳಿ. ದೀಪ ಆರದೇ ಉರಿಯುತ್ತಿದ್ದರೂ ಅದು ತಿರುಗುವುದರಿಂದ ಕಡಲಿನಲ್ಲಿರುವವನಿಗೆ ಕ್ಷಣಕ್ಕೊಮ್ಮೆ ಮಿಂಚಿದಂತೆ ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರವೂ ಹಾಗೆಯೇ. ಅದರ ಅಡ್ಡಳತೆ ಕೇವಲ 20-25 ಕಿಲೋಮೀಟರ್, ಬಸ್ಸಿನಲ್ಲಿ ಪಕ್ಕದ ಪೇಟೆಗೆ ಹೋಗುವಷ್ಟು ದೂರ. ಅಷ್ಟರಲ್ಲೇ ಒಂದು ಸೂರ್ಯನಿಗಿಂತ ಹೆಚ್ಚು ತೂಕ ಅಡಕವಾಗಿದೆ. ಒಂದು ಟೀ ಚಮಚದಷ್ಟು ಅದರ ದ್ರವ್ಯ ನೂರಾರು ಕೋಟಿ ಟನ್ ತೂಗುತ್ತದೆ. ಅದಕ್ಕೆ ಗಟ್ಟಿಯಾದ ಮೇಲ್ಮೈ ಇದೆ, ಬಲವಾದ ಕಾಂತಶಕ್ತಿ ಇದೆ. ಬೀಳುವ ಅನಿಲ ಆ ಕಾಂತಶಕ್ತಿಯ ದಾರಿ ಹಿಡಿದು ಎರಡು ಧ್ರುವಗಳ ಮೇಲೆ ಸುರಿಯುತ್ತದೆ. ಅಲ್ಲಿ ಎದ್ದ ಬೆಳಕು ನಕ್ಷತ್ರದ ಜೊತೆ ತಿರುಗುತ್ತದೆ. ಕಪ್ಪುರಂಧ್ರಕ್ಕಾದರೋ ಮೇಲ್ಮೈ ಎಂಬುದೇ ಇಲ್ಲ. ದೀಪ ಕಟ್ಟಿ ತಿರುಗಿಸಲು ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಇಷ್ಟು ನಿಖರವಾದ ಮಿಡಿತ ಕಂಡರೆ ಅದು ಕಪ್ಪುರಂಧ್ರ ಆಗಿರಲು ಸಾಧ್ಯವಿಲ್ಲ.

ಹೀಗೆ ಹತ್ತಾರು ಲಕ್ಷ ಸೂರ್ಯರಷ್ಟು ಹೊಳೆಯುತ್ತಿದ್ದದ್ದು ಒಂದೂವರೆ ಸೂರ್ಯನಷ್ಟು ತೂಕದ ಒಂದು ಪುಟ್ಟ ಕಾಯ ಎಂದಾಯಿತು. ತನ್ನ ಮಿತಿಯ ಸುಮಾರು ನೂರು ಪಟ್ಟು ಅದು ಹೊಳೆಯುತ್ತಿತ್ತು.

ಒಂದೇ ಸಂಚಿಕೆ, ಎರಡು ಲೇಖನ

ಈ ಫಲಿತಾಂಶ 2014ರ ಅಕ್ಟೋಬರ್ 9ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಸಂಚಿಕೆಯಲ್ಲಿ, ಅದಕ್ಕೆ ತಾಗಿದಂತೆ ಇನ್ನೊಂದು ಲೇಖನವಿತ್ತು. ಅದು ಎನ್‌ಜಿಸಿ 7793 ಎಂಬ ಗೆಲಾಕ್ಸಿಯ 'ಪಿ-13' ಎಂಬ ಯು.ಎಲ್.ಎಕ್ಸ್. ಬಗ್ಗೆ. ಜೊತೆಯ ನಕ್ಷತ್ರದ ಚಲನೆಯನ್ನು ಬಹಳ ಶ್ರಮಪಟ್ಟು ಅಳೆದು, ಪಿ-13ರ ತೂಕ 15 ಸೂರ್ಯರಿಗಿಂತ ಕಡಿಮೆ ಎಂದು ಆ ತಂಡ ತೋರಿಸಿತ್ತು. ದೈತ್ಯ ಕಪ್ಪುರಂಧ್ರದ ಅಗತ್ಯವಿಲ್ಲ, ಸಾಮಾನ್ಯ ಕಪ್ಪುರಂಧ್ರ ಸಾಕು ಎಂಬುದು ಅವರ ತೀರ್ಮಾನ.

ಎರಡೇ ವರ್ಷ ಕಳೆದ ಮೇಲೆ ಪಿ-13 ಕೂಡ ಮಿಡಿಯುವುದು ಕಂಡಿತು. ಅದರ ಅವಧಿ 0.42 ಸೆಕೆಂಡು. ಅದೂ ನ್ಯೂಟ್ರಾನ್ ನಕ್ಷತ್ರವೇ! ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ತಂಡ ಹಾಕಿದ ತೂಕದ ಮಿತಿ ತಪ್ಪಾಗಿರಲಿಲ್ಲ. ಒಂದೂವರೆ ಎಂಬುದು ಹದಿನೈದಕ್ಕಿಂತ ಕಡಿಮೆಯೇ. ಅಳತೆ ಉಳಿಯಿತು, ಅದರ ಮೇಲೆ ಅಂಟಿಸಿದ ಹೆಸರು ಮಾತ್ರ ಬಿದ್ದುಹೋಯಿತು. ಅಳೆದದ್ದಕ್ಕೂ ಊಹಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಇನ್ನೂ ಗಮನಾರ್ಹವಾದದ್ದು ಎನ್‌ಜಿಸಿ 5907 ಎಂಬ ಗೆಲಾಕ್ಸಿಯ ಯು.ಎಲ್.ಎಕ್ಸ್. ಇದು ಸುಮಾರು 5 ಕೋಟಿ ಬೆಳಕಿನ ವರ್ಷ ದೂರದಲ್ಲಿದೆ. ಹೊಳಪಿನ ಉತ್ತುಂಗದಲ್ಲಿ ಎಡಿಂಗ್ಟನ್ ಮಿತಿಯ ಸಾವಿರ ಪಟ್ಟಿನ ಹತ್ತಿರ ಹೋಗುತ್ತದೆ. 2017ರಲ್ಲಿ ಇದೂ ನ್ಯೂಟ್ರಾನ್ ನಕ್ಷತ್ರವೆಂದು ಪ್ರಕಟವಾಯಿತು. ಸಾಕ್ಷ್ಯ ಸಿಕ್ಕಿದ್ದು ಎಲ್ಲಿ? ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ 2003ರಲ್ಲೇ ತೆಗೆದಿಟ್ಟ ಹಳೆಯ ದಾಖಲೆಯಲ್ಲಿ ಮತ್ತು 2014ರ ದಾಖಲೆಯಲ್ಲಿ. 2003ರಲ್ಲಿ ಅದು 1.43 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. 2014ರ ಹೊತ್ತಿಗೆ 1.13 ಸೆಕೆಂಡಿಗೆ ಇಳಿದಿತ್ತು. ಬೀಳುವ ಅನಿಲ ತಳ್ಳಿ ತಳ್ಳಿ ನಕ್ಷತ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕ್ಷಿ ಕಡತದೊಳಗೇ ಕುಳಿತಿತ್ತು. ಹೊಸ ಪ್ರಶ್ನೆ ಹಿಡಿದು ಯಾರೂ ಕಡತ ತೆರೆದಿರಲಿಲ್ಲ, ಅಷ್ಟೇ.

ಬಹಳ ಏರಿಳಿತ, ಬಹಳ ಸುಳಿವು

ಯು.ಎಲ್.ಎಕ್ಸ್.ಗಳಲ್ಲಿ ಕೆಲವು ವರ್ಷಗಟ್ಟಲೆ ಹೆಚ್ಚು ಕಡಿಮೆ ಒಂದೇ ಸಮ ಹೊಳೆಯುತ್ತವೆ. ಇನ್ನು ಕೆಲವು ಹತ್ತು ಪಟ್ಟು, ನೂರು ಪಟ್ಟು ಏರಿ ಇಳಿಯುತ್ತವೆ. ಮಿಡಿಯುವುದೆಂದು ಖಚಿತವಾದವುಗಳಲ್ಲಿ ಹಲವು ಈ ಎರಡನೆಯ ಗುಂಪಿನವು. ಹಾಗಾಗಿ ಈಗ ವಿಜ್ಞಾನಿಗಳು ನ್ಯೂಟ್ರಾನ್ ನಕ್ಷತ್ರ ಹುಡುಕಬೇಕಾದರೆ ಮೊದಲು ಹಳೆಯ ದಾಖಲೆಗಳಲ್ಲಿ ಅತಿಯಾಗಿ ಏರಿಳಿಯುವ ಮೂಲಗಳನ್ನು ಹೆಕ್ಕಿ ತೆಗೆಯುತ್ತಾರೆ. ಇಷ್ಟೊಂದು ಏರಿಳಿತಕ್ಕೆ ಕಾರಣವೇನು? ಮುಖ್ಯವಾಗಿ ಮೂರು ವಿವರಣೆಗಳಿವೆ.

ಮೊದಲನೆಯದು ಫ್ಯಾನಿನ ವಿವರಣೆ. ಜೋರಾಗಿ ತಿರುಗುವ ಫ್ಯಾನಿನ ಮೇಲೆ ನೀರು ಚಿಮುಕಿಸಿದರೆ ಅದು ಸುತ್ತಲೂ ಎರಚಿಹೋಗುತ್ತದೆ. ನ್ಯೂಟ್ರಾನ್ ನಕ್ಷತ್ರದ ಜೊತೆ ಅದರ ಕಾಂತಕ್ಷೇತ್ರವೂ ತಿರುಗುತ್ತದೆ. ಬರುವ ಅನಿಲದ ಒತ್ತಡ ಹೆಚ್ಚಿದ್ದಾಗ ಅದು ಕಾಂತಕ್ಷೇತ್ರವನ್ನು ಒಳಕ್ಕೆ ಅದುಮಿ ನಕ್ಷತ್ರವನ್ನು ತಲುಪುತ್ತದೆ. ಅನಿಲ ಸ್ವಲ್ಪ ಕಡಿಮೆಯಾದರೆ ಸಾಕು, ಕಾಂತಕ್ಷೇತ್ರ ಹೊರಕ್ಕೆ ಹಿಗ್ಗಿ ಬರುವುದನ್ನೆಲ್ಲ ಎರಚಿಬಿಡುತ್ತದೆ. ಆಗ ಹೊಳಪು ಒಮ್ಮೆಲೇ ಕುಸಿಯುತ್ತದೆ. ಎಂ-82 ಎಕ್ಸ್-2 ಸುಮಾರು 40 ಪಟ್ಟು ವ್ಯತ್ಯಾಸದ ಎರಡು ಸ್ಥಿತಿಗಳ ನಡುವೆ ಹೋಗಿಬರುವುದಕ್ಕೆ ಇದೇ ಕಾರಣ ಎಂದು ಒಂದು ಅಧ್ಯಯನ ವಿವರಿಸಿದೆ. ಮೇಲ್ಮೈಯೂ ಕಾಂತಕ್ಷೇತ್ರವೂ ಇಲ್ಲದ ಕಪ್ಪುರಂಧ್ರಕ್ಕೆ ಹೀಗೆ ಬಾಗಿಲು ಮುಚ್ಚಲು ಬರುವುದಿಲ್ಲ.

ಎರಡನೆಯದು ಬುಗುರಿಯ ವಿವರಣೆ. ತಿರುಗುವ ಬುಗುರಿ ನಿಧಾನವಾಗಿ ತೂಗಾಡುವ ಹಾಗೆ ಅನಿಲದ ತಟ್ಟೆಯೂ ತೂಗಾಡುತ್ತದೆ. ಒಮ್ಮೆ ಅದು ಒಳಗಿನ ದೀಪವನ್ನು ನಮಗೆ ತೋರಿಸುತ್ತದೆ, ಇನ್ನೊಮ್ಮೆ ಮರೆಮಾಡುತ್ತದೆ. ಎಂ-82 ಎಕ್ಸ್-2ರಲ್ಲಿ ಸುಮಾರು 60 ದಿನಗಳ, ಎನ್‌ಜಿಸಿ 5907ರಲ್ಲಿ ಸುಮಾರು 78 ದಿನಗಳ ಇಂಥ ಏರಿಳಿತ ಕಂಡಿದೆ. ಇಲ್ಲಿ ದೀಪ ನಿಜವಾಗಿ ಮಂಕಾಗಿಲ್ಲ, ಪರದೆ ಅಡ್ಡ ಬಂದಿದೆ.

ಮೂರನೆಯದು ಅನಿಲದ ಸರಬರಾಜು. ಜೊತೆಯ ನಕ್ಷತ್ರ ಎಲ್ಲ ಕಾಲಕ್ಕೂ ಒಂದೇ ಪ್ರಮಾಣದಲ್ಲಿ ಅನಿಲ ಕೊಡುವುದಿಲ್ಲ. ಕೆಲವು ಜೋಡಿಗಳು ವರ್ಷಗಟ್ಟಲೆ ಸುಮ್ಮನಿದ್ದು ಹಠಾತ್ತಾಗಿ ಉರಿಯುತ್ತವೆ. ಎನ್‌ಜಿಸಿ 300 ಎಂಬ ಗೆಲಾಕ್ಸಿಯಲ್ಲಿ 2010ರಲ್ಲಿ ಒಂದು ನಕ್ಷತ್ರ ಹಠಾತ್ತಾಗಿ ಬೆಳಗಿದಾಗ ಅದನ್ನು ಸೂಪರ್‌ನೋವಾ ಎಂದೇ ಪಟ್ಟಿಗೆ ಸೇರಿಸಿದ್ದರು. ಆಮೇಲೆ ನೋಡಿದರೆ ನಕ್ಷತ್ರ ಸತ್ತೇ ಇರಲಿಲ್ಲ. 2016ರ ಕೊನೆಯಲ್ಲಿ ಅಲ್ಲಿ ಸುಮಾರು 32 ಸೆಕೆಂಡಿನ ಮಿಡಿತವಿತ್ತು. 2018ರ ಆರಂಭಕ್ಕೆ ಅದು ಸುಮಾರು 20 ಸೆಕೆಂಡಿಗೆ ಬಂದಿತ್ತು. ಅದೂ ಒಂದು ನ್ಯೂಟ್ರಾನ್ ನಕ್ಷತ್ರದ ಯು.ಎಲ್.ಎಕ್ಸ್.

ಇವೆಲ್ಲಕ್ಕಿಂತ ಚುರುಕಾದದ್ದು 2017ರಲ್ಲಿ ಎನ್‌ಜಿಸಿ 6946 ಗೆಲಾಕ್ಸಿಯಲ್ಲಿ ಕಂಡ ಮೂಲ. ಇಲ್ಲಿಯೂ ನೂಸ್ಟಾರ್ ನೋಡುತ್ತಿದ್ದದ್ದು ಒಂದು ಸೂಪರ್‌ನೋವಾವನ್ನು. ಮೊದಲ ಸಲ ನೋಡಿದಾಗ ಇಲ್ಲದ ಯು.ಎಲ್.ಎಕ್ಸ್. ಒಂದು ಹತ್ತು ದಿನ ಬಿಟ್ಟು ನೋಡಿದಾಗ ಇತ್ತು. ಸ್ವಲ್ಪ ಸಮಯದ ನಂತರ 'ಚಂದ್ರಾ' ಉಪಗ್ರಹ ನೋಡಿದಾಗ ಅದು ಮಾಯವಾಗಿತ್ತು. ನಮ್ಮ ಭಾರತ ಮೂಲದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಹೆಸರಿಟ್ಟ ಉಪಗ್ರಹ ಅದು. ವರ್ಷಕ್ಕೊಮ್ಮೆ ಮಾತ್ರ ಆ ಕಡೆ ನೋಡುತ್ತಿದ್ದರೆ ಹೀಗೊಂದು ಇತ್ತು ಎಂಬುದೇ ಗೊತ್ತಾಗುತ್ತಿರಲಿಲ್ಲ.

ಮಿತಿ ಮೀರಿದ್ದು ನಿಜವೇ, ಭ್ರಮೆಯೇ?

ಇಲ್ಲಿ ಜಾಣ ಓದುಗರು ಒಂದು ಪ್ರಶ್ನೆ ಕೇಳಬಹುದು. ಆರಂಭದಲ್ಲಿ ಹೇಳಿದ ಟಾರ್ಚಿನ ಹಾಗೆ, ಬೆಳಕು ನಮ್ಮ ಕಡೆಗೆ ಮಾತ್ರ ಬರುತ್ತಿದ್ದರೆ? ಎಲ್ಲ ದಿಕ್ಕಿಗೂ ಅಷ್ಟೇ ಬೆಳಕು ಚೆಲ್ಲುತ್ತಿದೆ ಎಂದುಕೊಂಡು ಲೆಕ್ಕ ಹಾಕಿದ್ದೇ ತಪ್ಪಾಗಿರಬಹುದಲ್ಲ?

ಈ ಸಂಶಯ ಸರಿಯಾದದ್ದೇ. ಅತಿಯಾಗಿ ಅನಿಲ ಬಿದ್ದಾಗ ಒಳಗಿನ ತಟ್ಟೆ ದಪ್ಪಗಾಗಿ ಆಲಿಕೆಯಂತಾಗುತ್ತದೆ. ಬೆಳಕು ಆ ಆಲಿಕೆಯ ಬಾಯಿಂದ ಹೊರಬರುತ್ತದೆ. ಬಾಯಿ ನಮ್ಮ ಕಡೆಗಿದ್ದರೆ ಇದ್ದುದಕ್ಕಿಂತ ಹೆಚ್ಚು ಹೊಳಪು ಕಾಣುತ್ತದೆ. ಆದರೆ ಹೊಳಪನ್ನು ಅವಲಂಬಿಸದೆ ಅನಿಲದ ಪ್ರಮಾಣವನ್ನು ಅಳೆಯುವ ದಾರಿಯೊಂದಿದೆ. ಒಂದು ಕಾಯದಿಂದ ಇನ್ನೊಂದಕ್ಕೆ ದ್ರವ್ಯ ಹೋದಂತೆ ಜೋಡಿಯ ಸುತ್ತಾಟದ ಅವಧಿ ಅತಿ ಸ್ವಲ್ಪ ಬದಲಾಗುತ್ತದೆ. ಬಕೆಟ್ಟಿಯವರ ತಂಡ ಎಂ-82 ಎಕ್ಸ್-2ರ ಮಿಡಿತಗಳನ್ನು ವರ್ಷಗಟ್ಟಲೆ ಎಣಿಸಿ ಆ ಬದಲಾವಣೆಯನ್ನು ಅಳೆಯಿತು. 2023ರಲ್ಲಿ ವಿವರಿಸಿದಂತೆ, ಆ ಪುಟ್ಟ ಕಾಯ ಜೊತೆಯ ನಕ್ಷತ್ರದಿಂದ ವರ್ಷಕ್ಕೆ ಸುಮಾರು ಒಂದೂವರೆ ಭೂಮಿಯಷ್ಟು ದ್ರವ್ಯವನ್ನು ಸೆಳೆಯುತ್ತಿದೆ. ಕಾಣುವ ಹೊಳಪಿಗೆ ಅಷ್ಟು ದ್ರವ್ಯ ಸಾಕು. ಅಂದರೆ ಕನಿಷ್ಠ ಈ ಮೂಲದಲ್ಲಿ ಮಿತಿ ಮೀರಿರುವುದು ನಿಜ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಒಂದು ಕಾರಣ, ಅನಿಲ ಎಲ್ಲ ಕಡೆಯಿಂದ ಸಮನಾಗಿ ಬೀಳುವುದಿಲ್ಲ ಎಂಬುದು. ಧ್ರುವಗಳ ಮೇಲೆ ಕಂಬದಂತೆ ಸುರಿದಾಗ ಬೆಳಕು ಕಂಬದ ಪಕ್ಕದಿಂದ ಜಾರಿಕೊಳ್ಳುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಇನ್ನೊಂದು, ಅತಿ ಬಲವಾದ ಕಾಂತಕ್ಷೇತ್ರದಲ್ಲಿ ಬೆಳಕಿಗೆ ಎಲೆಕ್ಟ್ರಾನುಗಳನ್ನು ತಳ್ಳುವುದೇ ಕಷ್ಟವಾಗುತ್ತದೆ. ಎಡಿಂಗ್ಟನ್ ಲೆಕ್ಕ ತಪ್ಪಾಗಿರಲಿಲ್ಲ. ಅದು ಎಲ್ಲ ಕಡೆಯಿಂದ ಸಮನಾಗಿ ಬೀಳುವ ಅನಿಲಕ್ಕೆ ಹಾಕಿದ ಲೆಕ್ಕ. ಆ ಷರತ್ತನ್ನು ಮರೆತು ಎಲ್ಲದಕ್ಕೂ ಅನ್ವಯಿಸಿದ್ದೇ ಸಮಸ್ಯೆಯಾಯಿತು.

ಹಾಗಾದರೆ ಕಪ್ಪುರಂಧ್ರಗಳು ಇಲ್ಲವೇ?

ಇವೆ. ಒಂದು ಅತಿಯಿಂದ ಇನ್ನೊಂದು ಅತಿಗೆ ಹೋಗಬಾರದು. 2012ರ ಜನವರಿಯಲ್ಲಿ ಅಸ್ಸೂಫಿಯವರ ಆ 'ಮೋಡ'ದಲ್ಲೇ, ಅಂದರೆ ಆಂಡ್ರೋಮಿಡಾದಲ್ಲಿ, ಒಂದು ಯು.ಎಲ್.ಎಕ್ಸ್. ಉರಿದೆದ್ದು ಮತ್ತೆ ಮಂಕಾಯಿತು. ಅದರ ರೇಡಿಯೋ ಅಲೆಗಳೂ ಎಕ್ಸ್-ರೇಯ ವರ್ತನೆಯೂ ನಮ್ಮ ಆಕಾಶಗಂಗೆಯ ಕಪ್ಪುರಂಧ್ರ ಜೋಡಿಗಳ ಹಾಗೆಯೇ ಇದ್ದವು. ಸುಮಾರು ಹತ್ತು ಸೂರ್ಯರ ತೂಕದ ಸಾಮಾನ್ಯ ಕಪ್ಪುರಂಧ್ರವೆಂದು ಅದನ್ನು ಗುರುತಿಸಿದರು. ಇನ್ನು 2009ರಲ್ಲಿ ಪ್ರಕಟವಾದ ಎಚ್‌ಎಲ್‌ಎಕ್ಸ್-1 ಎಂಬ ಮೂಲ ಸುಮಾರು 29 ಕೋಟಿ ಬೆಳಕಿನ ವರ್ಷ ದೂರದಲ್ಲಿದ್ದು, ಇತರ ಯು.ಎಲ್.ಎಕ್ಸ್.ಗಳಿಗಿಂತಲೂ ಎಷ್ಟೋ ಪಟ್ಟು ಪ್ರಖರವಾಗಿದೆ. ಅದು 500 ಸೂರ್ಯರಿಗಿಂತ ಭಾರವಾದ, ಬಹುಶಃ ಸಾವಿರಾರು ಸೂರ್ಯರಷ್ಟು ತೂಕದ ಮಧ್ಯಮ ಕಪ್ಪುರಂಧ್ರ ಎಂಬ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ. ಕಾಣೆಯಾದ ಮೆಟ್ಟಿಲಿನ ಹುಡುಕಾಟ ವ್ಯರ್ಥವಾಗಿಲ್ಲ.

ಖಚಿತವಾಗಿ ಮಿಡಿಯುವ ಯು.ಎಲ್.ಎಕ್ಸ್.ಗಳು ಈವರೆಗೆ ಹತ್ತರ ಆಸುಪಾಸಿನಲ್ಲಿವೆ. ಉಳಿದವೆಲ್ಲ ಕಪ್ಪುರಂಧ್ರಗಳೇ? ಹಾಗೆ ಹೇಳುವಂತಿಲ್ಲ. ಮಿಡಿತ ಕಾಣಬೇಕಾದರೆ ಸಾಕಷ್ಟು ಬೆಳಕು ಸಂಗ್ರಹವಾಗಬೇಕು, ದೀಪ ನಮ್ಮ ಕಡೆ ತಿರುಗಬೇಕು, ನಡುವೆ ಪರದೆ ಇರಬಾರದು. ಗೊತ್ತಿರುವ ನ್ಯೂಟ್ರಾನ್ ನಕ್ಷತ್ರಗಳಲ್ಲೇ ಮಿಡಿತ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಕಾಣುವುದಿಲ್ಲ. ಮಿಡಿತ ಕಂಡರೆ ನ್ಯೂಟ್ರಾನ್ ನಕ್ಷತ್ರ ಖಚಿತ. ಕಾಣದಿದ್ದರೆ ಯಾವುದೂ ಖಚಿತವಲ್ಲ. ಸಾಕ್ಷಿ ಹಾಜರಾಗಲಿಲ್ಲ ಎಂಬುದೇ ವಿರುದ್ಧ ಸಾಕ್ಷ್ಯವಾಗುವುದಿಲ್ಲ.

ನಮ್ಮ ದೇಶದ ಪಾಲು

ಈ ಕೆಲಸದಲ್ಲಿ ಭಾರತದ ಉಪಗ್ರಹಕ್ಕೂ ಪಾಲಿದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಶ್ರೀಹರಿಕೋಟಾದಿಂದ 'ಆಸ್ಟ್ರೋಸ್ಯಾಟ್' ಹಾರಿಸಿತು. ಅದರ ಎಕ್ಸ್-ರೇ ಉಪಕರಣಗಳಲ್ಲಿ ಮುಖ್ಯವಾದವು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡವು. ನೇರಳಾತೀತ ದೂರದರ್ಶಕದ ಹೊಣೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದಾಗಿತ್ತು. ಉಪಗ್ರಹದ ನಿಯಂತ್ರಣವೂ ಬೆಂಗಳೂರಿನಿಂದಲೇ.

ನಮ್ಮ ಆಕಾಶಗಂಗೆಯ ಪಕ್ಕದಲ್ಲಿ 'ಚಿಕ್ಕ ಮೆಗೆಲನ್ ಮೋಡ' ಎಂಬ ಸಣ್ಣ ಗೆಲಾಕ್ಸಿ ಇದೆ. ದೂರ ಸುಮಾರು 2 ಲಕ್ಷ ಬೆಳಕಿನ ವರ್ಷ. ಅಲ್ಲಿ 1993ರಲ್ಲಿ ಉರಿದು ತಣ್ಣಗಾಗಿದ್ದ ಒಂದು ಮೂಲ 26 ವರ್ಷ ಮೌನವಾಗಿತ್ತು. 2019ರ ನವೆಂಬರ್‌ನಲ್ಲಿ ಅದು ಮತ್ತೆ ಎದ್ದಿತು. ಆಸ್ಟ್ರೋಸ್ಯಾಟ್ ಅದರ ಕಡೆ ತಿರುಗಿ, ಸುಮಾರು 9.3 ಸೆಕೆಂಡಿಗೊಮ್ಮೆ ಅದು ಮಿಡಿಯುವುದನ್ನು ದಾಖಲಿಸಿತು. ಆ ಹೊತ್ತಿನಲ್ಲಿ ಅದು ಎಡಿಂಗ್ಟನ್ ಮಿತಿ ದಾಟಿ ಹೊಳೆಯುತ್ತಿತ್ತು. ನಮಗೆ ಅತಿ ಹತ್ತಿರದಲ್ಲಿರುವ ಇಂಥ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಇದೂ ಒಂದು.

ನಾವು ತಿಳಿಯಬೇಕಾದುದು

ಮೊದಲನೆಯದಾಗಿ, ಹೊಳಪು ತೂಕದ ಅಳತೆಯಲ್ಲ. ಅತಿ ಹೆಚ್ಚು ಹೊಳೆಯುವುದೇ ಅತಿ ಭಾರವಾದದ್ದು ಎಂಬ ಲೆಕ್ಕ ಆಕಾಶದಲ್ಲೂ ನಿಲ್ಲಲಿಲ್ಲ.

ಎರಡನೆಯದಾಗಿ, ಒಂದು ಸಲ ನೋಡಿದ್ದು ಸಾಲದು. ಈ ಮೂಲಗಳ ಗುಟ್ಟು ಬಯಲಾದದ್ದು ಅವುಗಳ ಏರಿಳಿತದಿಂದ. ಏರಿಳಿತ ಕಾಣಬೇಕಾದರೆ ಮತ್ತೆ ಮತ್ತೆ ನೋಡುವ ತಾಳ್ಮೆ ಬೇಕು, ಹಳೆಯ ದಾಖಲೆಯನ್ನು ಜೋಪಾನವಾಗಿ ಇಡುವ ಶಿಸ್ತು ಬೇಕು.

ಮೂರನೆಯದಾಗಿ, ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಬೇರೆ ಇಡಬೇಕು. ಪಿ-13ರ ವಿಷಯದಲ್ಲಿ ನೋಡಿದೆವಲ್ಲ, ಸರಿಯಾದ ಅಳತೆ ಹೆಸರು ಬದಲಾದರೂ ಬದುಕುತ್ತದೆ.

ಬಾಹ್ಯಾಕಾಶದ ಬಗ್ಗೆ ದಿನಕ್ಕೊಂದು ಅದ್ಭುತ ಸುದ್ದಿ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಮನೆಯಲ್ಲಿ ಮಕ್ಕಳು ಅದನ್ನು ತೋರಿಸಿ ನಿಜವೇ ಎಂದು ಕೇಳುತ್ತಾರೆ. ಹೌದು ಅಥವಾ ಇಲ್ಲ ಎಂದು ಕೂಡಲೇ ಹೇಳಿಬಿಡುವ ಬದಲು ಈ ಮೂರು ಪ್ರಶ್ನೆಗಳನ್ನು ಅವರಿಗೇ ಕೇಳಿ: ಇದನ್ನು ಯಾರು ನೋಡಿದರು? ಎಷ್ಟು ಸಲ ನೋಡಿದರು? ಅಳೆದು ಹೇಳಿದರೇ, ಊಹಿಸಿ ಹೇಳಿದರೇ? ಉತ್ತರ ಹುಡುಕುತ್ತಾ ಮಗು ಒಂದು ಸಂಜೆ ಕಳೆದರೂ ಅದು ನಷ್ಟವಲ್ಲ. 1.2 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕಿನ ನಾಡಿ ಹಿಡಿದವರೂ ಇದೇ ಪ್ರಶ್ನೆಗಳನ್ನು ಕೇಳಿಕೊಂಡೇ ಅಲ್ಲಿಗೆ ತಲುಪಿದ್ದು.